ಮಲೆನಾಡಿನ ತೇಜಸ್ವಿ, ಗೂಡಲೂರಿನ ನಮ್ಮ ಅಣ್ಣ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಿ ಬಂದ ನಮ್ಮ ಸಮಾಜ ಬಾಂಧವರಿಗೆಲ್ಲ ತೆಪ್ಪಕಾಡು ಗೊತ್ತು. ಕೆಕ್ಕನಹಳ್ಳದ ಗಡಿ ಕಳೆದು ಸ್ವಲ್ಪ ಹೊತ್ತಿಗೆ ಮೋಯಾರು ಹೊಳೆ ಸಿಗುತ್ತದೆ, ದಡದಲ್ಲಿ ಆನೆಗಳ ಶಿಬಿರ, ಅಲ್ಲೇ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಗೂಡಲೂರು, ಎಡಕ್ಕೆ ತಿರುಗಿದರೆ ಮಾಸಿನಗುಡಿ, ಅಲ್ಲಿಂದ ಮುಂದೆ 36 ತಿರುವುಗಳ ಕಲ್ಲಟ್ಟಿ ಘಾಟಿ. ತಾಯಿಯಿಲ್ಲದ ಆನೆಮರಿಗಳನ್ನು ಸಾಕಿದ ಇಲ್ಲಿನ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದ ಮೇಲೆ ಈ ಪುಟ್ಟ ಊರಿನ ಹೆಸರು ಜಗತ್ತಿಗೇ ತಿಳಿಯಿತು. ಈಗ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲ.

ನಮಗೆ ಮಾತ್ರ ತೆಪ್ಪಕಾಡು ಎಂದರೆ ಆನೆಗಿಂತ ಮೊದಲು ಒಂದು ಪತ್ತೇದಾರಿ ಕಥೆ ನೆನಪಾಗುತ್ತದೆ. ಅದು ಅಚ್ಚಾದ ಕಥೆಯಲ್ಲ. ಬರೆದವರು ನಮ್ಮ ಅಣ್ಣ. ಅದನ್ನು ಹೇಳುವ ಮೊದಲು ಅಚ್ಚಾದ ಕಥೆಗಳ ಒಬ್ಬ ದೊಡ್ಡ ಬರಹಗಾರರ ವಿಷಯ ಹೇಳಬೇಕು. ಅವರೂ ಕಾಡಿನ ಅಂಚಿನಲ್ಲೇ ಕುಳಿತು ಬರೆದವರು.

ಅಣ್ಣ 1970ರ ದಶಕದಲ್ಲಿ ಗೂಡಲೂರಿನಲ್ಲಿ ಅಂಗಡಿ ಹಾಕಿದರು. ಮೆಣಸು, ಏಲಕ್ಕಿ, ಕಾಫಿ ಕೊಂಡು ಮೈಸೂರಿನ ನಮ್ಮ ಮಂಡಿಗೆ ಲಾರಿಯಲ್ಲಿ ಕಳುಹಿಸುವುದು ಅವರ ಕೆಲಸ, ಇಲ್ಲಿ ಮಾರುವುದು ನಮ್ಮ ಕೆಲಸ. ಅವರೂ ಎಸ್.ಎಸ್.ಎಲ್.ಸಿ., ನಾವೂ ಎಸ್.ಎಸ್.ಎಲ್.ಸಿ. ಆದರೆ ಅವರಿಗೆ ಓದುವ ಹುಚ್ಚು, ನಮಗೆ ಲೆಕ್ಕದ ಹುಚ್ಚು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಮ್ಮಂಥ ಮನೆಗಳಲ್ಲಿ ಸಂಜೆ ಬಹಳ ಉದ್ದವಾಗಿರುತ್ತದೆ. ಗೂಡಲೂರಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಅಣ್ಣ ಆ ಸಂಜೆಗಳನ್ನು ಬಾಡಿಗೆ ಪುಸ್ತಕಗಳಿಂದ ತುಂಬಿಸುತ್ತಿದ್ದರು. ಮೈಸೂರಿಗೆ ಬಂದಾಗಲೆಲ್ಲ ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಎನ್. ನರಸಿಂಹಯ್ಯನವರ ಕಾದಂಬರಿಗಳ ಕಟ್ಟನ್ನೇ ಒಯ್ಯುವರು, ಮುಂದಿನ ಲಾರಿಯಲ್ಲಿ ಹಿಂದಕ್ಕೆ ಕಳುಹಿಸುವರು.

ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಇಂದಿನ ಮಕ್ಕಳು ಅರಿಯರು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡದ ಲಕ್ಷಾಂತರ ಜನರಿಗೆ ಓದುವ ಚಟ ಹತ್ತಿಸಿದರು. ಅವರ ಜೊತೆಯಲ್ಲೇ ಹೇಳಬೇಕಾದ ಇನ್ನೊಂದು ಹೆಸರು ಮ. ರಾಮಮೂರ್ತಿಯವರದು. ನಾವು ನವೆಂಬರ್ ತಿಂಗಳಲ್ಲಿ ಅಂಗಡಿಯ ಮುಂದೆ ಕಟ್ಟುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಅವರೇ. ಹೊಟ್ಟೆಪಾಡಿಗೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಅವರು 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಮಕ್ಕಳೊಂದಿಗೆ ತೀರಿಕೊಂಡರು.

ಇಷ್ಟೆಲ್ಲ ಇದ್ದರೂ ಸಾಹಿತಿಗಳ ಸಭೆಯಲ್ಲಿ ಪತ್ತೇದಾರಿ ಬರೆದವರಿಗೆ ಎಲೆ ಹಾಕುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲವಂತೆ. ಅಲ್ಲಿ 1930ರಲ್ಲೇ ಪತ್ತೇದಾರಿ ಬರಹಗಾರರು ತಮ್ಮದೇ ಒಂದು ಕೂಟ ಕಟ್ಟಿಕೊಂಡರು. ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷರು, ಅಗಾಥಾ ಕ್ರಿಸ್ಟಿ ಸದಸ್ಯೆ. ಓದುಗನಿಗೆ ಮೋಸ ಮಾಡದೆ, ಸುಳಿವನ್ನು ಬಚ್ಚಿಡದೆ ಕಥೆ ಬರೆಯುತ್ತೇವೆಂದು ಸೇರುವಾಗ ಪ್ರಮಾಣ ಮಾಡುತ್ತಿದ್ದರಂತೆ. ವ್ಯಾಪಾರಿಗಳಾದ ನಮಗೆ ಈ ಪ್ರಮಾಣ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ಮಾತ್ರ ತಾಯಿಯವರು, “ಸ್ವಾಧ್ಯಾಯದ ಹೊತ್ತಿನಲ್ಲಿ ಈ ಕಳ್ಳರ ಕಥೆ ಯಾಕಪ್ಪ?” ಎಂದು ಕೇಳಿದರೆ ಅಣ್ಣ, “ವಡ್ಡಾರಾಧನೆಯಲ್ಲೂ ಕಳ್ಳರ ಕಥೆ ಇದೆಯಲ್ಲಮ್ಮ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ತೇಜಸ್ವಿಯವರ ಪುಸ್ತಕ ನಮ್ಮ ಮನೆಗೆ ಬಂದದ್ದು ಏಲಕ್ಕಿಯ ದಾರಿಯಿಂದ. ನಾವು ಏಲಕ್ಕಿ ಕೊಳ್ಳಲು ಮೂಡಿಗೆರೆ ಕಡೆಗೆ ಹೋಗುತ್ತಿದ್ದ ಕಾಲ. ಅಲ್ಲಿಯ ಒಬ್ಬ ಬೆಳೆಗಾರರು, “ನಿಮ್ಮ ವ್ಯಾಪಾರದ ವಿಷಯವೇ ಇದರಲ್ಲಿದೆ, ಓದಿ” ಎಂದು ‘ಚಿದಂಬರ ರಹಸ್ಯ’ ಕೈಗಿಟ್ಟರು. 1985ರಲ್ಲಿ ಬಂದ ಕಾದಂಬರಿ. ನಾವು ನಾಲ್ಕು ಪುಟ ಓದಿ ಮರುದಿನವೇ ಗೂಡಲೂರಿಗೆ ಹೋಗುವ ಲಾರಿಯಲ್ಲಿ ಅಣ್ಣನಿಗೆ ಕಳುಹಿಸಿದೆವು. ಅವರು ಒಂದು ವಾರ ಅಂಗಡಿಗೆ ತಡವಾಗಿ ಬಂದರೆಂದು ಅತ್ತಿಗೆ ಆಮೇಲೆ ಹೇಳಿದರು.

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕುವೆಂಪುರವರ ಹಿರಿಯ ಮಗ. ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಮಗ ಕನ್ನಡ ಎಂ.ಎ. ಮಾಡಿದವರು. ಮನಸ್ಸು ಮಾಡಿದ್ದರೆ ಮೈಸೂರಿನಲ್ಲೇ ಮೇಷ್ಟರಾಗಿ, ಸಂಜೆ ಸಾಹಿತಿಗಳ ಜೊತೆ ಕಾಫಿ ಕುಡಿದುಕೊಂಡು ಇರಬಹುದಿತ್ತು. ಅವರು ಮೂಡಿಗೆರೆ ತಾಲ್ಲೂಕಿನಲ್ಲಿ ಜಮೀನು ಮಾಡಿ ಕಾಫಿ ಬೆಳೆಗಾರರಾದರು. ಮೊದಲ ತೋಟಕ್ಕೆ ‘ಚಿತ್ರಕೂಟ’ ಎಂದು ಹೆಸರು, ಆಮೇಲಿನ ಮನೆಗೆ ‘ನಿರುತ್ತರ’. ಉತ್ತರವೇ ಇಲ್ಲ ಎಂಬ ಅರ್ಥದ ಹೆಸರನ್ನು ಮನೆಗೆ ಇಟ್ಟವರನ್ನು ನಾವು ಬೇರೆಲ್ಲೂ ಕಂಡಿಲ್ಲ. ರಹಸ್ಯ ಬರೆಯುವವರಿಗೆ ಒಪ್ಪುವ ಹೆಸರೇ.

ಅವರನ್ನು ಬರೀ ಪತ್ತೇದಾರಿ ಲೇಖಕರೆಂದು ಕರೆದರೆ ಓದಿದವರು ನಗುತ್ತಾರೆ. ಆದರೆ ಅವರ ಮುಖ್ಯ ಪುಸ್ತಕಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ, ಎಲ್ಲದರಲ್ಲೂ ಏನೋ ಒಂದು ಕಾಣೆಯಾಗಿರುತ್ತದೆ, ಅದನ್ನು ಯಾರೋ ಹುಡುಕುತ್ತಿರುತ್ತಾರೆ. 1980ರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಗಾಗಿ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕಥೆ ಹೇಳುವವರು ಎಲ್ಲರೂ ಕಾಡಿಗೆ ಹೋಗುತ್ತಾರೆ. ಆ ಕಾದಂಬರಿ ಶುರುವಾಗುವುದು ಜೇನುತುಪ್ಪ ಕೊಳ್ಳುವ ಮಾತಿನಿಂದ. ಮಧುವನ್ನು ಬಿಟ್ಟ ಮನೆಯವರಾದ ನಮಗೆ ಆರಂಭದಲ್ಲೇ ಸ್ವಲ್ಪ ಮುಜುಗರವಾಯಿತೆಂದು ಹೇಳಿಬಿಡುತ್ತೇವೆ. ಅಣ್ಣ ನಕ್ಕು, “ಓದಿದರೆ ವ್ರತ ಕೆಡುವುದಿಲ್ಲ” ಎಂದರು.

‘ಚಿದಂಬರ ರಹಸ್ಯ’ವಂತೂ ಪಕ್ಕಾ ತನಿಖೆಯ ಕಥೆ. ಕೇಸರೂರು ಎಂಬ ಊರು. ಏಲಕ್ಕಿ ಬೆಳೆ ಬೀಳುತ್ತಿದೆ, ಏಲಕ್ಕಿಯ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಸತ್ತಿದ್ದಾನೆ, ಸಾವು ಸಹಜವೋ ಅಲ್ಲವೋ ಎಂದು ತಿಳಿಯಲು ಸರ್ಕಾರದ ಅಧಿಕಾರಿ ಬರುತ್ತಾನೆ. ನಮ್ಮ ಓದುಗರಲ್ಲಿ ಆ ಕಾಲದಲ್ಲಿ ಏಲಕ್ಕಿ ವ್ಯಾಪಾರ ಮಾಡಿದವರಿಗೆ ಇದು ಕಥೆಯಾಗಿ ಕಾಣುವುದಿಲ್ಲ. ಹೇನು ಹರಡುವ ಕಟ್ಟೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದು, ಅತ್ತ ಗ್ವಾಟೆಮಾಲಾ ದೇಶದ ಏಲಕ್ಕಿ ಅರಬ್ಬರ ಮಾರುಕಟ್ಟೆಗೆ ನುಗ್ಗಿ ನಮ್ಮ ಬೆಲೆ ಮುರಿದದ್ದು, ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಕೇಸರೂರಿನ ಸುತ್ತ ಲಂಟಾನ ಬೆಳೆದು ಕೊನೆಗೆ ಬೆಂಕಿ ಊರನ್ನು ಸುತ್ತಿಕೊಳ್ಳುತ್ತದೆ. ಮುದುಮಲೆಯ ದಾರಿಯಲ್ಲಿ ಕಾರಿನ ಕಿಟಕಿಯಿಂದ ನೋಡಿ, ಎರಡೂ ಬದಿ ಅದೇ ಲಂಟಾನ. (ಗೂಡಲೂರಿನ ಸುತ್ತಿನ ಬುಡಕಟ್ಟಿನ ಜನ ಈಗ ಆ ಲಂಟಾನದ ಕಡ್ಡಿಯಿಂದಲೇ ನಿಜವಾದ ಆನೆಯಷ್ಟು ಎತ್ತರದ ಆನೆಗಳನ್ನು ಕಟ್ಟುತ್ತಾರೆ. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು.) ಈ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸುದ್ದಿ ಓದಿದ ಅಣ್ಣ ಗೂಡಲೂರಿನಿಂದ ಟ್ರಂಕ್ ಕಾಲ್ ಮಾಡಿ, ನರಸಿಂಹಯ್ಯನವರಿಗೆ ಕೊಡದಿದ್ದ ಎಲೆ ಈಗ ಹಾಕಿದರು ನೋಡು ಎಂದು ಸಂತೋಷಪಟ್ಟರು. ಟ್ರಂಕ್ ಕಾಲ್‌ನ ದುಡ್ಡಿಗೆ ನಾವು ಗೊಣಗಿದೆವು.

1994ರ ‘ಜುಗಾರಿ ಕ್ರಾಸ್’ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಹಗಲು ಒಂದು ರಾತ್ರಿಯೊಳಗೆ ಮುಗಿಯುವ ಕಥೆ. ಏಲಕ್ಕಿ ಮಾರಲು ಹೊರಟ ಒಬ್ಬ ರೈತ ಮತ್ತು ಅವನ ಹೆಂಡತಿ, ಕಾಡಿನ ಮಾಲು ಸಾಗಿಸುವ ಕಳ್ಳರು, ನಡುವೆ ಒಂದು ಹಳಗನ್ನಡದ ಕಾವ್ಯದಲ್ಲಿ ಅಡಗಿದ ಗುಟ್ಟು. ಸರಕು ಕೊಟ್ಟು ಹಣ ಕೈಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕಳ್ಳರಂತೆ ಕಾಣುವ ಭಯವಿದೆಯಲ್ಲ, ಅದನ್ನು ಅನುಭವಿಸಿದವರು ಮಾತ್ರ ಬರೆಯಬಲ್ಲರು. ತೇಜಸ್ವಿಯವರು ಬೆಳೆಗಾರರಾಗಿದ್ದರಿಂದಲೇ ಅದು ಬಂತು.

ಇನ್ನು ಕಾಡಿನಲ್ಲಿ ಕುಳಿತವರಿಗೆ ಬರೆಯುವವರ ಲೋಕದ ಜೊತೆ ಸಂಬಂಧ ಹೇಗೆ ಉಳಿಯಿತು ಎಂಬ ವಿಷಯ. ನಾವು ಅವರನ್ನು ಮಾತನಾಡಿಸಿದವರಲ್ಲ. ಮೂಡಿಗೆರೆಗೆ ಎಷ್ಟೋ ಸಲ ಹೋದರೂ ಕಾಲುಚೀಲ ಬಿಚ್ಚದೆ ವ್ಯಾಪಾರ ಮುಗಿಸಿ ಬಂದವರು. ಓದಿದ್ದರಿಂದ ತಿಳಿದದ್ದನ್ನು ಹೇಳುತ್ತೇವೆ.

ಮೊದಲನೆಯದಾಗಿ ಅವರು ಜಗಳದಿಂದಲೇ ಸಂಬಂಧ ಇಟ್ಟುಕೊಂಡರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ತಂದಾಗ ಅದರ ಮುನ್ನುಡಿಯಲ್ಲೇ ಆಗ ಎಲ್ಲರೂ ಬರೆಯುತ್ತಿದ್ದ ನವ್ಯದ ದಾರಿ ತಮಗೆ ಸಾಕು, ಬೇರೆ ದಿಕ್ಕು ನೋಡಬೇಕಾಗಿದೆ ಎಂಬ ಅರ್ಥದ ಮಾತು ಹೇಳಿದರು. ಹಳ್ಳಿಯಲ್ಲಿ ಕುಳಿತವನ ಮಾತು ಯಾರು ಕೇಳುತ್ತಾರೆ ಎಂದುಕೊಳ್ಳಬೇಡಿ, ಕನ್ನಡ ಸಾಹಿತ್ಯ ಲೋಕವೇ ತಿರುಗಿ ನೋಡಿತು. ಆ ಹೆಸರಿನ ಕಥೆಯಲ್ಲಿ ಬೋಬಣ್ಣನೆಂಬವನ ಕೈಗೆ ಊರಿನ ಪೋಸ್ಟಾಫೀಸು ಬರುತ್ತದೆ, ಪರರ ಕಾಗದಗಳ ಕುತೂಹಲ ಅವನನ್ನು ಹಾಳುಮಾಡುತ್ತದೆ. ಹೊರಲೋಕ ಹಳ್ಳಿಗೆ ಬರುವುದೇ ಅಂಚೆಯ ಮೂಲಕ ಎಂಬುದನ್ನು ಅವರು ಚೆನ್ನಾಗಿ ಬಲ್ಲವರು.

ಎರಡನೆಯದು ಪತ್ರಿಕೆ. ಪಿ. ಲಂಕೇಶರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುಮಾಡಿದ ಮೇಲೆ ಮೂಡಿಗೆರೆಯಿಂದ ಬೆಂಗಳೂರಿಗೆ ಬರಹ ಹೋಗತೊಡಗಿತು. ‘ಪರಿಸರದ ಕಥೆ’ಯಲ್ಲಿರುವ ಬರಹಗಳು ಆ ಪತ್ರಿಕೆಯಲ್ಲಿ ಬಂದವು. ಅವರ ನಾಯಿ ‘ಕಿವಿ’ ನಮ್ಮ ಮಂಡಿಯ ಹಮಾಲರಿಗೂ ಗೊತ್ತಿತ್ತು, ಓದು ಬರುವ ಒಬ್ಬ ಓದುವನು, ಉಳಿದವರು ಚೀಲಗಳ ಮೇಲೆ ಕುಳಿತು ಕೇಳುವರು. ಲಂಕೇಶರ ಬರವಣಿಗೆ ನಮಗೆ ಯಾವಾಗಲೂ ಹಿಡಿಸುತ್ತಿರಲಿಲ್ಲ, ಆದರೆ ಕಾಡಿನ ಈ ಮನುಷ್ಯನಿಗೆ ಅವರು ಕೊಟ್ಟ ಜಾಗವನ್ನು ನೆನೆಯಬೇಕು.

ಮೂರನೆಯದನ್ನು ವ್ಯಾಪಾರಿಗಳಾದ ನಾವು ಗಮನವಿಟ್ಟು ನೋಡಬೇಕಾದದ್ದು. ‘ಪುಸ್ತಕ ಪ್ರಕಾಶನ’ ಎಂಬ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ತಂದರು. ಪ್ರಕಾಶಕರ ಬಾಗಿಲಲ್ಲಿ ನಿಲ್ಲಲಿಲ್ಲ. ಪುಸ್ತಕದ ಬೆಲೆಯನ್ನು ಸಾಮಾನ್ಯ ಓದುಗನ ಜೇಬಿಗೆ ಎಟಕುವಂತೆ ಇಟ್ಟರು. ಕಂಪ್ಯೂಟರು ಬಂದಾಗ ಬೆಂಗಳೂರಿನವರಿಗಿಂತ ಮೊದಲು ಅದರ ಮುಂದೆ ಕುಳಿತು ಪುಟ ಕಟ್ಟುವುದನ್ನು ಕಲಿತರು, ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಸರ್ಕಾರ, ವಿಶ್ವವಿದ್ಯಾಲಯಗಳನ್ನು ಕಾಡಿದರು. ತೋಟದಲ್ಲಿ ಬೆಳೆದದ್ದನ್ನು ದಲ್ಲಾಳಿಯಿಲ್ಲದೆ ಮಾರಿದ ಹಾಗೆ. ದಲ್ಲಾಳಿಗಳಾದ ನಾವು ಇದನ್ನು ಮೆಚ್ಚುವುದು ಸ್ವಲ್ಪ ವಿಚಿತ್ರವೇ ಸರಿ.

ಇನ್ನೂ ಒಂದು ದಾರಿ ಅನುವಾದ. ನಮ್ಮ ತೆಪ್ಪಕಾಡು ಇಲ್ಲಿ ಹತ್ತಿರ ಬರುತ್ತದೆ. ಕೆನೆತ್ ಆಂಡರ್ಸನ್ ಎಂಬ ಬೆಂಗಳೂರಿನ ಬರಹಗಾರ, 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡವರು, ವಿಮಾನ ಕಾರ್ಖಾನೆಯಲ್ಲಿ ನೌಕರಿ, ಕನ್ನಡ ತಮಿಳು ಎರಡೂ ಬರುತ್ತಿತ್ತು. 1954ರ ಅವರ ಮೊದಲ ಪುಸ್ತಕದಲ್ಲೇ ಸೀಗೂರಿನ ನರಭಕ್ಷಕನ ಕಥೆ ಇದೆ. ಸೀಗೂರು ಎಂದರೆ ತೆಪ್ಪಕಾಡಿನಿಂದ ಎಡಕ್ಕೆ ತಿರುಗಿ, ಮಾಸಿನಗುಡಿ ದಾಟಿದರೆ ಸಿಗುವ ಕಾಡು. ಆಂಡರ್ಸನ್ನರ ಕಥೆಗಳನ್ನು ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ನರಭಕ್ಷಕನೂ ಅವರಿಂದಲೇ ಕನ್ನಡಕ್ಕೆ ಬಂದ. ಪ್ರದೀಪ ಕೆಂಜಿಗೆಯವರ ಜೊತೆ ಸೇರಿ ಫ್ರಾನ್ಸಿನ ಕೈದಿಯ ‘ಪ್ಯಾಪಿಲಾನ್’ ತಂದರು. ಮೂಡಿಗೆರೆಯ ಮೂಲೆಯಲ್ಲಿದ್ದವರ ಮನೆಯಲ್ಲಿ ಊರೂರಿನ ಬರಹಗಾರರು ಹೀಗೆ ಬಂದು ಕೂತಿದ್ದರು.

ಬೇಟೆಯ ಪುಸ್ತಕವನ್ನು ನಮ್ಮ ಮನೆಯೊಳಗೆ ತರುವುದು ಹೇಗೆ ಎಂಬ ಪ್ರಶ್ನೆ ಬಂತು. ತಾಯಿಯವರು ಒಳಗೆ ಇಡಲು ಬಿಡಲಿಲ್ಲ, ಅದು ಅಂಗಡಿಯಲ್ಲೇ ಉಳಿಯಿತು. ಸಂಕಲ್ಪದಿಂದ ಕೊಲ್ಲುವುದನ್ನು ಯಾವ ಕಾರಣಕ್ಕೂ ನಾವು ಒಪ್ಪುವವರಲ್ಲ, ಮೀನಿಗೆ ಗಾಳ ಹಾಕುವ ತೇಜಸ್ವಿಯವರ ಹುಚ್ಚನ್ನೂ ಒಪ್ಪುವುದಿಲ್ಲ. ಅಣ್ಣನೂ ಒಪ್ಪುತ್ತಿರಲಿಲ್ಲ. ಆದರೆ ಅವರು ಆ ಪುಸ್ತಕದಲ್ಲಿ ಬಂದೂಕಿನ ಪುಟಗಳನ್ನು ಹಾರಿಸಿ ಹೆಜ್ಜೆಗುರುತಿನ ಪುಟಗಳನ್ನು ಓದುತ್ತಿದ್ದರು. ಹುಲಿ ಯಾವ ಹೊತ್ತಿಗೆ ಬಂತು, ಕುಂಟುತ್ತಿತ್ತೇ, ಹೆಣ್ಣೋ ಗಂಡೋ, ಮುರಿದ ಕಡ್ಡಿ ಒಣಗಿದೆಯೇ ಹಸಿಯೇ. “ಇದೇ ಕಣೋ ಪತ್ತೇದಾರಿ” ಎನ್ನುವರು.

ನೆರೆಯ ವಯನಾಡಿನ ನಮ್ಮವರ ಹೆಸರನ್ನೂ ಇಲ್ಲಿ ನೆನೆಯದೆ ಮುಂದೆ ಹೋಗಲಾರೆವು. ಕಲ್ಪಟ್ಟದ ಜೈನ ಮನೆತನದ ಎಂ.ಪಿ. ವೀರೇಂದ್ರಕುಮಾರರು ತೋಟದ ಮನೆಯಲ್ಲಿ ಹುಟ್ಟಿ ಮಲಯಾಳಂನ ದೊಡ್ಡ ಬರಹಗಾರರಾಗಿ, ‘ಮಾತೃಭೂಮಿ’ ಪತ್ರಿಕೆಯನ್ನು ನಡೆಸಿ, 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು 2020ರಲ್ಲಿ ತೀರಿಕೊಂಡರು. ಮಾಸಿನಗುಡಿ ಆಚೆಯ ಕಾಡಿನ ಮನೆಯಲ್ಲಿದ್ದುಕೊಂಡು ಇ.ಆರ್.ಸಿ. ಡೇವಿದಾರ್ ಎಂಬ ವಕೀಲರು ‘ಚೀತಲ್ ವಾಕ್’ ಎಂದು ಇಂಗ್ಲಿಷಿನಲ್ಲಿ ಬರೆದರು. ಗೂಡಲೂರಿನ ಸುತ್ತ ಬರೆಯುವವರಿಗೆ ಕೊರತೆ ಇರಲಿಲ್ಲ. ನಮ್ಮ ಅಣ್ಣನಿಗೆ ಇವರಲ್ಲಿ ಯಾರ ಪರಿಚಯವೂ ಇರಲಿಲ್ಲ.

ಅಣ್ಣ ಬರೆಯುತ್ತಾರೆಂಬುದು ನಮಗೆ ತಿಳಿದದ್ದು ಅವರು ಹೋದ ಮೇಲೆ. 2019ರಲ್ಲಿ ಅವರು ತೀರಿಕೊಂಡರು, ಗೂಡಲೂರಿನ ಅಂಗಡಿ ಮುಚ್ಚಿದೆವು. ಅಟ್ಟದ ಮೇಲೆ ಹಳೆಯ ಖಾತೆ ಪುಸ್ತಕಗಳ ಗಂಟು ಇತ್ತು. ಸುಡಲು ಹೊರಟಾಗ ಅಣ್ಣನ ಮೊಮ್ಮಗಳು, ಮೈಸೂರಿನಲ್ಲಿ ಕಾಲೇಜು ಓದುವ ಹುಡುಗಿ, ಒಂದನ್ನು ತಿರುಗಿಸಿ ನೋಡಿದಳು. ಮುಂದಿನಿಂದ ಜಮಾ-ಖರ್ಚು, ಹಿಂದಿನಿಂದ ಕಥೆ. ಅಂಥ ಮೂರು ಪುಸ್ತಕಗಳು ಸಿಕ್ಕವು. ಒಂದರ ನಡುವೆ ತೇಜಸ್ವಿಯವರ ವಿಳಾಸ ಬರೆದ 15 ಪೈಸೆಯ ಪೋಸ್ಟ್ ಕಾರ್ಡು. “ತಮ್ಮ ಕಾದಂಬರಿಯಲ್ಲಿ ಏಲಕ್ಕಿ ವ್ಯಾಪಾರ ಸರಿಯಾಗಿದೆ. ನಾನೂ ಒಂದು ಕಥೆ ಬರೆದಿದ್ದೇನೆ, ಮೆಣಸಿನದು. ಕಳುಹಿಸಬಹುದೇ?” ಇಷ್ಟೇ. ಸಹಿಯೂ ಇತ್ತು. ಅಂಚೆಗೆ ಹಾಕಿರಲಿಲ್ಲ. ಅಂಚೆಪೆಟ್ಟಿಗೆ ಅವರ ಅಂಗಡಿಯಿಂದ ನಾಲ್ಕೇ ಅಂಗಡಿ ಆಚೆಗಿತ್ತು.

2007ರ ಏಪ್ರಿಲ್ 5ರಂದು ತೇಜಸ್ವಿಯವರು ‘ನಿರುತ್ತರ’ದಲ್ಲಿ ತೀರಿಕೊಂಡಾಗ ಅಣ್ಣ ಫೋನು ಮಾಡಿ, “ಇನ್ನು ಕೇಳುವ ಹಾಗಿಲ್ಲ” ಎಂದು ಇಟ್ಟುಬಿಟ್ಟಿದ್ದರು. ಏನು ಕೇಳುವುದೆಂದು ಆಗ ನಮಗೆ ಅರ್ಥವಾಗಿರಲಿಲ್ಲ.

ಇನ್ನು ಆ ಮೆಣಸಿನ ಕಥೆ. ಗೂಡಲೂರಿನಿಂದ 20 ಚೀಲ ಕರಿಮೆಣಸು ಹೊತ್ತ ಲಾರಿ ರಾತ್ರಿ ತೆಪ್ಪಕಾಡಿನಲ್ಲಿ ನಿಲ್ಲುತ್ತದೆ. ಮುಂಜಾನೆ ಹೊರಟು ಮೈಸೂರು ಸೇರುತ್ತದೆ. ಚೀಲದ ಲೆಕ್ಕ ಸರಿ, ತೂಕವೂ ಸರಿ. ವಾರದ ನಂತರ ಕೊಂಡವರು ಐದು ಚೀಲ ಹಿಂದಕ್ಕೆ ತರುತ್ತಾರೆ, ಮೆಣಸಿನಲ್ಲಿ ಪರಂಗಿ ಬೀಜ ಬೆರೆತಿದೆ. ಒಣಗಿದ ಪರಂಗಿ ಬೀಜ ನೋಡಲು ಮೆಣಸಿನ ಕಾಳಿನಂತೆಯೇ ಇರುತ್ತದೆ, ನೀರಿಗೆ ಹಾಕಿದರೆ ಮಾತ್ರ ತೇಲಿ ಗುಟ್ಟು ಬಿಡುತ್ತದೆ. ದಾರಿಯಲ್ಲಿ ಬದಲಾಯಿಸಿದ್ದಾನೆಂದು ಎಲ್ಲರೂ ಡ್ರೈವರನ ಮೇಲೆ ಹೇಳುತ್ತಾರೆ. ಕಥೆಯ ಪತ್ತೇದಾರ ತೆಪ್ಪಕಾಡಿನ ಕವಲಿನಲ್ಲಿ ಚಹಾ ಮಾರುವ ಒಬ್ಬ ಮುದುಕ. ಅವನು ಹಿಂದಕ್ಕೆ ಬಂದ ಚೀಲಗಳ ಬಾಯಿ ಹೊಲಿಗೆಯನ್ನು ನೋಡುತ್ತಾನೆ. ಗೂಡಲೂರಿನ ವ್ಯಾಪಾರಿ ಎಡಗೈಯವನು, ಅವನ ಹೊಲಿಗೆ ಒಂದು ಕಡೆಗೆ ಓರೆ. ಬಂದ ಚೀಲಗಳ ಹೊಲಿಗೆ ಇನ್ನೊಂದು ಕಡೆಗೆ ಓರೆ. ಆ ರಾತ್ರಿ ಡ್ರೈವರು ತನ್ನ ಕಣ್ಣ ಮುಂದೆಯೇ ಚೀಲಗಳ ಮೇಲೆ ಮಲಗಿದ್ದ, ಎದ್ದಿಲ್ಲ. ಹಾಗಾದರೆ ಚೀಲ ಬಿಚ್ಚಿದ್ದು ತೆಪ್ಪಕಾಡಿನಲ್ಲಲ್ಲ, ಮೈಸೂರಿನಲ್ಲಿ. ಬಿಚ್ಚಿ ಹೊಲಿದವರು ಯಾರು ಎಂಬಲ್ಲಿ ಅಣ್ಣ ಒಂದು ಹೆಸರಿನಷ್ಟು ಜಾಗ ಖಾಲಿ ಬಿಟ್ಟು ಚುಕ್ಕೆ ಇಟ್ಟಿದ್ದಾರೆ.

ನಮ್ಮ ಅಣ್ಣ ಎಡಗೈಯವರು. ಇದು ನಡೆದದ್ದು 1987ರಲ್ಲಿ, ಚೀಲ ಬಿಚ್ಚಿದವರು ನಾವು. ಒಬ್ಬ ದಲ್ಲಾಳಿ ತಂದ ಅಗ್ಗದ ಮಾಲನ್ನು ಐದು ಚೀಲಕ್ಕೆ ಬೆರೆಸಿ, ತಪ್ಪು ಹೊರಬಿದ್ದಾಗ ಲಾರಿ ದಾರಿಯಲ್ಲಿ ನಿಂತಿತ್ತಲ್ಲ ಎಂದು ಹೇಳಿಬಿಟ್ಟೆವು. ಡ್ರೈವರನ ಕೆಲಸ ಹೋಯಿತು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದೊಂದಿದೆ, ಒಳ್ಳೆಯ ಮಾಲಿಗೆ ಹುಸಿ ಮಾಲು ಬೆರೆಸಿ ಮಾರುವುದು. ಆ ಪಾಠ ನಾವು ಕೇಳಿರಲಿಲ್ಲವೆಂದಲ್ಲ. ಪ್ರತಿ ವರ್ಷ ದಶಲಕ್ಷಣ ಪರ್ವದ ನಂತರ ಕ್ಷಮಾವಾಣಿಯಂದು ಎಲ್ಲರ ಕ್ಷಮೆ ಬೇಡಿದೆವು, ಆ ಡ್ರೈವರನ ಮನೆಗೆ ಮಾತ್ರ ಹೋಗಲಿಲ್ಲ. ಅಣ್ಣ ಎಲ್ಲವನ್ನೂ ಹೊಲಿಗೆ ನೋಡಿಯೇ ತಿಳಿದಿದ್ದರು. 32 ವರ್ಷ ಒಂದು ಮಾತು ಕೇಳಲಿಲ್ಲ. ಕಥೆಯನ್ನು ಯಾವ ಪತ್ರಿಕೆಗೂ ಕಳುಹಿಸಲಿಲ್ಲ. ಕಳುಹಿಸಿದ್ದರೆ ಅಚ್ಚಾಗುತ್ತಿತ್ತೋ ಏನೋ. ನಮ್ಮ ಹೆಸರು ಕಾಯಲು ಅವರು ತಮ್ಮ ಕಾರ್ಡನ್ನು ಖಾತೆ ಪುಸ್ತಕದಲ್ಲೇ ಇಟ್ಟುಕೊಂಡರು ಎಂದು ನಾವು ತಿಳಿದಿದ್ದೇವೆ. ಮೊಮ್ಮಗಳು ಒಪ್ಪುವುದಿಲ್ಲ. “ಅಜ್ಜನಿಗೆ ನಾಚಿಕೆ ಅಷ್ಟೇ ಚಿಕ್ಕಜ್ಜ, ಎಲ್ಲ ನಿಮ್ಮ ಮೇಲೇ ಯಾಕೆ ಹಾಕಿಕೊಳ್ಳುತ್ತೀರಿ” ಎನ್ನುತ್ತಾಳೆ. ಅವಳ ಮಾತೂ ಇರಬಹುದು. ಉಳಿದೆರಡು ಪುಸ್ತಕಗಳ ಕಥೆಗಳಲ್ಲಿ ನಮ್ಮ ಸುಳಿವೇ ಇಲ್ಲ, ಅವನ್ನೂ ಅವರು ಕಳುಹಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವಳನ್ನು ಕರೆದುಕೊಂಡು ತೆಪ್ಪಕಾಡಿಗೆ ಹೋದೆವು. ಡ್ರೈವರು ಈಗಿಲ್ಲ. ಅವನ ಮಗ ಮಾಸಿನಗುಡಿಯಲ್ಲಿ ಜೀಪು ಓಡಿಸುತ್ತಾನೆ, ಹೇಳಿ ಕಳುಹಿಸಿದ್ದರಿಂದ ಕವಲಿಗೆ ಬಂದಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತಿದ್ದ. “ಅಪ್ಪ ಆಮೇಲೆ ಊಟೀಲಿ ಬೇರೆ ಗಾಡಿ ಓಡಿಸ್ತು ಸಾಹುಕಾರ್ರೆ. ಹೊಟ್ಟೆಗೇನೂ ಕಮ್ಮಿ ಆಗ್ಲಿಲ್ಲ. ಆದ್ರೆ ಗೂಡಲೂರು ಪ್ಯಾಟೇಲಿ ಬಸ್ಸಿಂದ ಇಳೀತಿರ್ಲಿಲ್ಲ” ಎಂದ. ನಾವು ತಂದಿದ್ದ ಲಕೋಟೆಯನ್ನು ಮುಟ್ಟಲಿಲ್ಲ. ಆ ಕಥೆಯಲ್ಲಿ ಅಪ್ಪನ ಹೆಸರು ಇದೆಯಾ ಎಂದು ಕೇಳಿದ. ಇತ್ತು. ಅಣ್ಣ ಎಲ್ಲರ ಹೆಸರನ್ನೂ ಬದಲಾಯಿಸಿ ಅವನೊಬ್ಬನ ಹೆಸರನ್ನು ಹಾಗೆಯೇ ಬರೆದಿದ್ದರು. “ಓದವ್ವ” ಎಂದ. ಮೊಮ್ಮಗಳು ಜೀಪಿನಲ್ಲಿ ಕುಳಿತು ಓದಿದಳು. ಅಪ್ಪನ ಹೆಸರು ಬಂದಾಗಲೆಲ್ಲ ಅವನು ತಲೆಯಾಡಿಸುತ್ತಿದ್ದ. ಕಡೆಗೆ, ಅಚ್ಚು ಹಾಕಿಸಿದರೆ ಅಪ್ಪನ ಹೆಸರು ತೆಗೆಯಬೇಡಿ ಎಂದ. ರಾತ್ರಿ 9ಕ್ಕೆ ಬಂಡೀಪುರದ ಗೇಟು ಹಾಕುತ್ತಾರೆಂದು ಅವನೇ ನಮ್ಮನ್ನು ಅವಸರ ಮಾಡಿ ಕಳುಹಿಸಿದ.

ತೇಜಸ್ವಿಯವರ ಓದುಗರು ಸುಮಾರು ನೂರು ಜನ ಕೈಸೇರಿಸಿ ಅವರ ಒಂದು ಕಥೆಯನ್ನು ‘ಡೇರ್‌ಡೆವಿಲ್ ಮುಸ್ತಾಫಾ’ ಎಂಬ ಸಿನೆಮಾ ಮಾಡಿದರು, 2023ರಲ್ಲಿ ಬಂತು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ನಡೆಯುತ್ತಿದೆ, ಮೊಮ್ಮಗಳು ಹೋಗಿ ನೋಡಿಬಂದಳು. ಅಣ್ಣನ ಕಾರ್ಡನ್ನು ಅಲ್ಲಿ ಕೊಡೋಣವೇ ಎಂದು ಕೇಳಿದಳು, ಅತ್ತಿಗೆ ಕೊಡಲು ಒಪ್ಪಲಿಲ್ಲ.

ಕಥೆಯನ್ನು ಅವಳು ಕಂಪ್ಯೂಟರಿನಲ್ಲಿ ನಕಲು ಮಾಡಿದಳು. ಖಾಲಿ ಬಿಟ್ಟ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದಾಗ ‘ವ್ಯಾಪಾರಿಯ ತಮ್ಮ’ ಎಂದು ಹಾಕು ಎಂದೆವು. ಈಗ ಎಲ್ಲರೂ ಇಮೇಲಿನಲ್ಲಿ ಕಳುಹಿಸುತ್ತಾರಂತೆ. ನಾವು ಗೂಡಲೂರಿಗೇ ಹೋಗಿ, ಅಣ್ಣನ ಅಂಗಡಿಯ ಹತ್ತಿರದ ಅಂಚೆ ಕಚೇರಿಯಿಂದ ಒಂದು ಕನ್ನಡ ಮಾಸಪತ್ರಿಕೆಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ತೆಗೆದುಕೊಂಡೆವು. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಮೊಮ್ಮಗಳು ಎರಡನೆಯ ಪುಸ್ತಕ ನಕಲು ಮಾಡಲು ಕುಳಿತಿದ್ದಾಳೆ. ಅದು ಆನೆ ಶಿಬಿರದಲ್ಲಿ ಕಾಣೆಯಾದ ಗಂಟೆಯ ಕಥೆ.